ಕೀ ಕೊಟ್ಟರೂ ನಿಂತುಬಿಡುವ ಲೋಲಕ ಗಡಿಯಾರ: ದೋಷ ಹುಡುಕುವ ಕೈಪಿಡಿ

ಹಳೆಯ ಗೋಡೆ ಗಡಿಯಾರ ನಿಂತಾಗ ಮೊದಲು ಕೇಳಿಬರುವ ತೀರ್ಪು ಒಂದೇ: "ಕೀ ಜಾಸ್ತಿಯಾಗಿ ಸ್ಪ್ರಿಂಗ್ ಬಿಗಿದುಕೊಂಡಿದೆ." ಇದು ತಪ್ಪು. ಪೂರ್ತಿ ಕೀ ಕೊಟ್ಟ ಮಾತ್ರಕ್ಕೆ ಸುಸ್ಥಿತಿಯಲ್ಲಿರುವ ಗಡಿಯಾರ ನಿಲ್ಲುವುದಿಲ್ಲ. ಪೂರ್ತಿ ಕೀ ಕೊಡಲೆಂದೇ ಅದನ್ನು ಮಾಡಿರುವುದು. ಕೀ ತುಂಬಿದ್ದೂ ನಡೆಯುತ್ತಿಲ್ಲವೆಂದರೆ ಸ್ಪ್ರಿಂಗಿನ ಬಲ ಲೋಲಕದವರೆಗೆ ಬಂದು ಮುಟ್ಟುತ್ತಿಲ್ಲ, ದಾರಿಯಲ್ಲಿ ಯಾವುದೋ ಅದನ್ನು ತಿಂದುಹಾಕುತ್ತಿದೆ. ಅದು ಯಾವುದು ಎಂದು ಪತ್ತೆಮಾಡುವುದೇ ಇಲ್ಲಿನ ಕೆಲಸ.

ಬಲದ ದಾರಿ ಹೀಗಿದೆ. ಸ್ಪ್ರಿಂಗ್ ಮೊದಲ ದೊಡ್ಡ ಹಲ್ಲುಚಕ್ರವನ್ನು ತಿರುಗಿಸುತ್ತದೆ, ಅದು ಎರಡನೆಯದನ್ನು, ಅದು ಮೂರನೆಯದನ್ನು. ಒಂದೊಂದು ಚಕ್ರ ದಾಟಿದಂತೆ ವೇಗ ಹೆಚ್ಚುತ್ತದೆ, ಬಲ ಇಳಿಯುತ್ತದೆ. ಕೊನೆಯ ಎಸ್ಕೇಪ್ ಚಕ್ರಕ್ಕೆ ಬರುವ ಹೊತ್ತಿಗೆ ಉಳಿದಿರುವುದು ಉಸಿರಿನಷ್ಟು ಬಲ. ಆ ಚಕ್ರದ ಹಲ್ಲು ಪ್ಯಾಲೆಟ್ಟನ್ನು, ಎಂದರೆ ಹಲ್ಲುಗಳನ್ನು ಒಂದೊಂದಾಗಿ ತಡೆದು ಬಿಡುವ ಎರಡು ಮುಖದ ತುಂಡನ್ನು, ತಳ್ಳುತ್ತದೆ, ಪ್ಯಾಲೆಟ್ಟಿನಿಂದ ಕೆಳಗಿಳಿದಿರುವ ಕವೆ ಲೋಲಕದ ಕಡ್ಡಿಯನ್ನು ತಳ್ಳುತ್ತದೆ. ಈ ತುದಿಯಲ್ಲಿ ಒಂದು ಕೂದಲೆಳೆ ಸಿಕ್ಕಿಕೊಂಡರೂ ಗಡಿಯಾರ ನಿಲ್ಲುತ್ತದೆ. ಸ್ಪ್ರಿಂಗಿನ ತುದಿಯಲ್ಲಾದರೆ ನಿಮ್ಮ ಬೆರಳನ್ನೇ ಜಜ್ಜುವಷ್ಟು ಬಲವಿರುತ್ತದೆ. ಆದ್ದರಿಂದ ಹುಡುಕಾಟ ಯಾವಾಗಲೂ ಲೋಲಕದಿಂದ ಶುರುವಾಗಿ ಹಿಂದಕ್ಕೆ ಹೋಗಬೇಕು. ಅದೃಷ್ಟಕ್ಕೆ, ಖರ್ಚಿಲ್ಲದ ಪರೀಕ್ಷೆಗಳೆಲ್ಲ ಇರುವುದೂ ಆ ತುದಿಯಲ್ಲೇ.

ಇಲ್ಲಿ ಹೇಳಿರುವುದು ವಾರಕ್ಕೊಮ್ಮೆ ಕೀ ಕೊಡುವ, ಡಯಲ್ ಮೇಲೆ ಎರಡು ಕೀ ತೂತು ಇರುವ ಗೋಡೆ ಅಥವಾ ಮೇಜಿನ ಗಡಿಯಾರಗಳಿಗೆ ಅನ್ವಯಿಸುತ್ತದೆ. ಇವುಗಳಲ್ಲಿ ಸಾಮಾನ್ಯವಾಗಿ ಬಲಗಡೆಯ ತೂತು ಸಮಯದ್ದು, ಎಡಗಡೆಯದು ಗಂಟೆ ಬಾರಿಸುವುದು. ಬೇಕಾದ ಸಾಮಾನು: ಒಳ್ಳೆಯ ಟಾರ್ಚ್, 5 ಅಥವಾ 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ, ಚಿಮುಟ, ಸಣ್ಣ ತಿರುಪುಳಿ, ರಸಮಟ್ಟ, ಹಲ್ಲುಕಡ್ಡಿ, ಗಡಿಯಾರದ ಎಣ್ಣೆ.

ಕೈ ಹಾಕುವ ಮೊದಲು

ಸ್ಪ್ರಿಂಗಿನಲ್ಲಿ ಕೀ ಇರುವಾಗ ಪ್ಯಾಲೆಟ್ಟನ್ನು ಬಿಚ್ಚಬೇಡಿ, ಎರಡು ಹಿತ್ತಾಳೆ ತಗಡುಗಳ ನಡುವಿನ ಯಾವ ತಿರುಪನ್ನೂ ಸಡಿಲಿಸಬೇಡಿ. ಪ್ಯಾಲೆಟ್ ತೆಗೆದರೆ ಚಕ್ರಗಳಿಗೆ ತಡೆಯೇ ಇರುವುದಿಲ್ಲ. ಎಂಟು ದಿನದ ಕೀ ಕೆಲವು ಸೆಕೆಂಡುಗಳಲ್ಲಿ ಬುರ್ರೆಂದು ಬಿಚ್ಚಿಕೊಂಡು ಹಲ್ಲು ಮುರಿಯುತ್ತದೆ, ಅಚ್ಚಿನ ತುದಿ ಬಾಗುತ್ತದೆ, ಬೆರಳು ಅಲ್ಲಿದ್ದರೆ ಅದೂ ಹೋಗುತ್ತದೆ. ತಗಡುಗಳನ್ನು ಬಿಡಿಸುವುದಾದರೆ ಮೊದಲು ಎರಡೂ ಸ್ಪ್ರಿಂಗುಗಳ ಬಲ ಇಳಿಸಲೇಬೇಕು, ವಿಧಾನ ಮುಂದಿದೆ.

ಇನ್ನೆರಡು ಅಪಾಯಗಳು ಕಣ್ಣಿಗೆ ಕಾಣುವಂಥವಲ್ಲ. ಮುಳ್ಳು ಮತ್ತು ಅಂಕಿಗಳ ಮೇಲೆ ಕತ್ತಲಲ್ಲಿ ಹೊಳೆಯಲೆಂದು ಬಳಿದ ಹಳೆಯ ಬಣ್ಣದಲ್ಲಿ ರೇಡಿಯಂ ಇರಬಹುದು. ಅಲಾರಂ ಗಡಿಯಾರಗಳಲ್ಲಿ ಇದು ಹೆಚ್ಚು. ಹೊಳಪು ಸತ್ತುಹೋಗಿದ್ದರೂ ವಿಕಿರಣ ಹೋಗಿರುವುದಿಲ್ಲ. ರೇಡಿಯಂ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು, ಮಸುಕಾಗುವುದು ಅದರ ಜೊತೆ ಬೆರೆಸಿದ ಹೊಳೆಯುವ ಪುಡಿ ಮಾತ್ರ. ಅಂಥ ಡಯಲನ್ನು ಕೆರೆಯಬೇಡಿ, ಉಜ್ಜಬೇಡಿ, ಧೂಳನ್ನು ಊದಬೇಡಿ. ಎರಡನೆಯದು, ಗಾಜಿನ ಕೊಳವೆಗಳಿರುವ ಲೋಲಕ. ಅದರೊಳಗಿನ ಬೆಳ್ಳಿ ಬಣ್ಣದ ದ್ರವ ಅಲುಗಾಡಿದರೆ ಅದು ಪಾದರಸ. ನೆಟ್ಟಗೆ ಹಿಡಿದು ಪಕ್ಕಕ್ಕಿಡಿ, ಅಡ್ಡ ಮಲಗಿಸಬೇಡಿ.

ಲೋಲಕ ತೂಗಿಬಿಟ್ಟರೆ ಕೆಲವು ನಿಮಿಷ ನಡೆದು ನಿಲ್ಲುತ್ತದೆ

ಎಲ್ಲಕ್ಕಿಂತ ಸಾಮಾನ್ಯವಾದ ದೂರು ಇದು. ಅದರಲ್ಲೂ ಗಡಿಯಾರವನ್ನು ಜಾಗ ಬದಲಿಸಿದ ಮೇಲೆ, ಗೋಡೆಗೆ ಬಣ್ಣ ಹೊಡೆಸಲು ಇಳಿಸಿ ಮತ್ತೆ ತೂಗುಹಾಕಿದ ಮೇಲೆ ಶುರುವಾಗಿದ್ದರೆ ಒಳಗೆ ಏನೂ ಕೆಟ್ಟಿಲ್ಲವೆಂದೇ ಇಟ್ಟುಕೊಳ್ಳಿ.

ಮೊದಲು ಕಿವಿಗೊಡಿ. ಟಿಕ್ ಮತ್ತು ಟಕ್ ನಡುವಿನ ಬಿಡುವು ಎರಡೂ ಕಡೆ ಸಮವಾಗಿರಬೇಕು: ಟಿಕ್... ಟಕ್... ಟಿಕ್... ಟಕ್. ಕುಂಟುವವನ ನಡಿಗೆಯ ಹಾಗೆ ಟಿಕ್‌ಟಕ್...... ಟಿಕ್‌ಟಕ್...... ಎಂದು ಕೇಳಿದರೆ ಬೀಟ್ ತಪ್ಪಿದೆ. ಲೋಲಕ ಒಂದು ಕಡೆ ಹೆಚ್ಚು ದೂರ ತೂಗಿದರಷ್ಟೇ ಹಲ್ಲು ಬಿಡುಗಡೆಯಾಗುವಂತಾಗಿದೆ. ತೂಗಾಟ ತುಸು ಕುಗ್ಗಿದೊಡನೆ ಆ ಕಡೆ ಹಲ್ಲು ಬಿಡುವುದೇ ಇಲ್ಲ, ಗಡಿಯಾರ ನಿಲ್ಲುತ್ತದೆ.

ಕಿವಿ ನಂಬಲಾಗದಿದ್ದರೆ ಕಣ್ಣಿಗೇ ತೋರಿಸಬಹುದು. ಲೋಲಕದ ಬಟ್ಟಲಿನ, ಎಂದರೆ ಕೆಳಗಿನ ದುಂಡು ತೂಕದ, ಹಿಂದೆ ಮಿಲಿಮೀಟರ್ ಗೆರೆಯ ಕಾಗದ ಅಂಟಿಸಿ, ಲೋಲಕ ಪೂರ್ತಿ ನಿಂತಿರುವಾಗ ಅದರ ತುದಿ ಇರುವಲ್ಲಿ ಸೊನ್ನೆ ಗುರುತು ಹಾಕಿ. ಬೆರಳಿನಿಂದ ತೀರಾ ನಿಧಾನವಾಗಿ ಎಡಕ್ಕೆ ಸರಿಸುತ್ತಾ ಹೋಗಿ. ಟಿಕ್ ಎಂದ ಜಾಗದಲ್ಲಿ ಗೆರೆ ಎಳೆಯಿರಿ. ಹಾಗೆಯೇ ಬಲಕ್ಕೆ. ಎರಡು ಗೆರೆಗಳು ಸೊನ್ನೆಯಿಂದ ಒಂದೇ ದೂರದಲ್ಲಿರಬೇಕು. ಬಲಕ್ಕೆ 9 ಮಿ.ಮೀ., ಎಡಕ್ಕೆ 4 ಮಿ.ಮೀ. ಬಂದರೆ ಪೆಟ್ಟಿಗೆಯ ತಳವನ್ನು ಎಡಕ್ಕೆ ಸ್ವಲ್ಪ ಸ್ವಲ್ಪವೇ ತಳ್ಳುತ್ತಾ ಮತ್ತೆ ಅಳೆಯಿರಿ. ಮೇಜಿನ ಗಡಿಯಾರವಾದರೆ ಎಡಗಾಲಿನ ಕೆಳಗೆ ತೆಳು ಬೆಣೆ ಕೊಡಿ. ಸದ್ದು ಸಮವಾದ ಜಾಗದಲ್ಲೇ ಬಿಡಿ.

ಆದರೆ ಆಗ ಪೆಟ್ಟಿಗೆ ನೋಡಲು ವಾರೆಯಾಗಿರಬಹುದು. ರಸಮಟ್ಟ ಇಟ್ಟು ನೆಟ್ಟಗೇ ನಿಲ್ಲಿಸಬೇಕೆಂದರೆ ತಿದ್ದಬೇಕಾದ್ದು ಕವೆಯನ್ನು. ಹೆಚ್ಚು ದೂರ ಬಲಗಡೆ ಇದ್ದರೆ ಕವೆಯ ಕೆಳತುದಿಯನ್ನು ಎಡಕ್ಕೆ, ಎಂದರೆ ಕಡಿಮೆ ದೂರವಿರುವ ಕಡೆಗೆ, ಕೂದಲಿನಷ್ಟು ಬಗ್ಗಿಸಿ. ಬಗ್ಗಿಸುವಾಗ ಕವೆಯ ಮೇಲ್ಭಾಗವನ್ನು ಇನ್ನೊಂದು ಕೈಯಲ್ಲಿ ಗಟ್ಟಿಯಾಗಿ ಹಿಡಿದಿರಬೇಕು, ಇಲ್ಲವಾದರೆ ಭಾರವೆಲ್ಲ ಪ್ಯಾಲೆಟ್ಟಿನ ಸೂಜಿಯಂಥ ಅಚ್ಚಿನ ಮೇಲೆ ಬೀಳುತ್ತದೆ. ಕೆಲವು ಗಡಿಯಾರಗಳಲ್ಲಿ ಕವೆ ಅಚ್ಚಿನ ಮೇಲೆ ಬಿಗಿಯಾಗಿ ಜಾರುವಂತೆ ಕೂತಿರುತ್ತದೆ. ಅದನ್ನು ಬಗ್ಗಿಸಬೇಕಾಗಿಲ್ಲ, ಜಾರಿಸಿದರೆ ಸಾಕು.

ಬೀಟ್ ಸರಿಯಿದ್ದೂ ನಿಂತರೆ ಈ ನಾಲ್ಕನ್ನು ನೋಡಿ.

ಪೆಟ್ಟಿಗೆ ಅಲುಗುತ್ತಿದೆಯೇ? ಒಂದೇ ಮೊಳೆಗೆ ತೂಗುಹಾಕಿದ ಗಡಿಯಾರದ ಪೆಟ್ಟಿಗೆ ಲೋಲಕದ ಜೊತೆಗೇ ಕಣ್ಣಿಗೆ ಕಾಣದಷ್ಟು ತೂಗುತ್ತದೆ, ಬಲವನ್ನೆಲ್ಲ ಗೋಡೆ ನುಂಗುತ್ತದೆ. ಪೆಟ್ಟಿಗೆಯ ಮೇಲೆ ಒಂದು ಲೋಟ ನೀರಿಟ್ಟು ನೋಡಿ. ನೀರು ಟಿಕ್ಕಿಗೊಮ್ಮೆ ನಡುಗಿದರೆ ಕೆಳಭಾಗವನ್ನೂ ಎರಡು ಕಡೆ ಗೋಡೆಗೆ ಬಿಗಿಮಾಡಿ. ತೂಕದ ಗುಂಡುಗಳಿಂದ ನಡೆಯುವ ಎತ್ತರದ ಗಡಿಯಾರಗಳಲ್ಲಿ ಇದರ ಇನ್ನೊಂದು ರೂಪವಿದೆ: ಗುಂಡುಗಳು ಇಳಿದು ಲೋಲಕದ ಮಟ್ಟಕ್ಕೆ ಬಂದ ದಿನ, ಪೆಟ್ಟಿಗೆ ಭದ್ರವಾಗಿರದಿದ್ದರೆ ಗುಂಡುಗಳೇ ತೂಗಲು ಶುರುಮಾಡುತ್ತವೆ, ಲೋಲಕ ಸುಮ್ಮನಾಗುತ್ತದೆ. ಪ್ರತಿ ವಾರ ಅದೇ ದಿನ ನಿಲ್ಲುವ ಗಡಿಯಾರದ ಗುಟ್ಟು ಬಹಳ ಸಲ ಇದೇ.

ಲೋಲಕ ಎಲ್ಲಾದರೂ ಉಜ್ಜುತ್ತಿದೆಯೇ? ಬಟ್ಟಲಿನ ಹಿಂದೆ, ಗಂಟೆ ಹೊಡೆಯುವ ಸುರುಳಿ ತಂತಿಗೆ, ಬಾಗಿಲಿನ ಗಾಜಿಗೆ ತಗಲಬಾರದು. ಹಿಂಬದಿ ಹಲಗೆಯ ಮೇಲೆ ಕಮಾನಿನಾಕಾರದ ಹೊಳಪು ಗೀರು ಕಂಡರೆ ಅದೇ ಸಾಕ್ಷಿ.

ಕವೆಯೊಳಗೆ ಕಡ್ಡಿ ಹೇಗೆ ಕೂತಿದೆ? ದಪ್ಪ ಕಾಗದ ಒಂದು ತೂರುವಷ್ಟು ಸಡಿಲ ಬೇಕು. ಬಿಗಿಯಾದರೆ ಕಡ್ಡಿ ಹಿಡಿದುಕೊಳ್ಳುತ್ತದೆ. ತೀರಾ ಸಡಿಲವಾದರೆ ಪ್ಯಾಲೆಟ್ ಕೊಟ್ಟ ತಳ್ಳು ಗಾಳಿಯಲ್ಲೇ ಮುಗಿಯುತ್ತದೆ. ಕಡ್ಡಿ ಕವೆಯ ಮುಂದಿನ ತುದಿಗಾಗಲಿ ಹಿಂದಿನ ತುದಿಗಾಗಲಿ ಒರಗಿರಬಾರದು. ಇಲ್ಲಿ ಸೂಜಿಮೊನೆಯಷ್ಟು ಎಣ್ಣೆ ಹಾಕಬಹುದು.

ಲೋಲಕ ತೂಗುವ ತೆಳು ಉಕ್ಕಿನ ಪಟ್ಟಿ, ಎಂದರೆ ಸಸ್ಪೆನ್ಷನ್ ಸ್ಪ್ರಿಂಗ್, ಮುದುಡಿದೆಯೇ? ಎದುರಿನಿಂದ ನೋಡಿದಾಗ ಬಟ್ಟಲು ಮೀನಿನ ಬಾಲದ ಹಾಗೆ ತಿರುಚುತ್ತಾ ತೂಗಿದರೆ ಪಟ್ಟಿ ಮಡಿಚಿದೆ. ಅದನ್ನು ನೆಟ್ಟಗೆ ಮಾಡಲು ಹೋಗಬೇಡಿ, ಮಡಿಚಿದ ಗುರುತು ಹೋಗುವುದಿಲ್ಲ. ಅದೇ ಉದ್ದ, ಅಗಲ, ದಪ್ಪದ್ದನ್ನು ಬದಲಿಸಿ. ದಪ್ಪ ಹೆಚ್ಚಾದರೆ ಗಡಿಯಾರ ಮುಂದೆ ಓಡುತ್ತದೆ.

ಇಷ್ಟರಲ್ಲಿ ಸರಿಯಾಗದಿದ್ದರೆ ಬಲವೇ ಸಾಲುತ್ತಿಲ್ಲ. ಖಚಿತಪಡಿಸಿಕೊಳ್ಳಲು ಅದೇ ಗೆರೆಯ ಕಾಗದವನ್ನು ಬಳಸಿ. ನಡೆಯುತ್ತಿರುವ ಲೋಲಕ ಟಿಕ್ ಎಂದ ಗೆರೆಯಲ್ಲೇ ಹಿಂದಿರುಗದೆ, ಅದನ್ನು ದಾಟಿ ಇನ್ನೂ ಕೆಲವು ಮಿಲಿಮೀಟರ್ ಹೋಗಬೇಕು. ಆ ಹೆಚ್ಚುವರಿ ತೂಗಾಟವೇ ಗಡಿಯಾರದ ಉಳಿತಾಯ ಖಾತೆ. ಟಿಕ್ ಎಂದೊಡನೆ ತಿರುಗಿಬಿಟ್ಟರೆ ಖಾತೆ ಖಾಲಿ. ಎಂಟು ದಿನದ ಗಡಿಯಾರದ ವಿಭಾಗಕ್ಕೆ ಹೋಗಿ.

ಪ್ರತಿ ಸಲ ಒಂದೇ ಸಮಯಕ್ಕೆ ನಿಲ್ಲುತ್ತದೆ

ನಿಂತ ಹೊತ್ತನ್ನು ನಾಲ್ಕಾರು ಸಲ ಬರೆದಿಟ್ಟುಕೊಳ್ಳಿ. ಯಾವ ಚಕ್ರದ ತಪ್ಪು ಎಂದು ಆ ಪಟ್ಟಿಯೇ ಹೇಳುತ್ತದೆ.

ದಿನಕ್ಕೆರಡು ಸಲ, 12 ಗಂಟೆಗೊಮ್ಮೆ ಬರುವ ದೋಷ ಗಂಟೆ ಮುಳ್ಳಿನ ಚಕ್ರದ್ದು. ಗಂಟೆಗೊಮ್ಮೆ ಅದೇ ನಿಮಿಷದಲ್ಲಿ ಬಂದರೆ ನಿಮಿಷದ ಮುಳ್ಳು, ಅದರ ಅಚ್ಚು ಅಥವಾ ಗಂಟೆ ಬಾರಿಸುವ ಸನ್ನೆಯನ್ನು ಎತ್ತುವ ಭಾಗ. ಎರಡು ಮುಳ್ಳು ಒಂದರ ಮೇಲೊಂದು ಬಂದಾಗ, ಉದಾಹರಣೆಗೆ 3 ಗಂಟೆ 16 ನಿಮಿಷಕ್ಕೆ ಅಥವಾ 6 ಗಂಟೆ 33 ನಿಮಿಷಕ್ಕೆ, ನಿಂತರೆ ಮುಳ್ಳುಗಳು ಒಂದಕ್ಕೊಂದು ತಾಗುತ್ತಿವೆ. ಗಂಟೆ ಮುಳ್ಳನ್ನು ಡಯಲ್ ಕಡೆಗೆ, ನಿಮಿಷದ ಮುಳ್ಳನ್ನು ಗಾಜಿನ ಕಡೆಗೆ ತುಸು ಬಗ್ಗಿಸಿದರೆ ಆಯಿತು. ಬಗ್ಗಿಸಿದ ಮೇಲೆ ಬಾಗಿಲು ಮುಚ್ಚಿ ಗಾಜಿಗೆ ತಗಲುತ್ತಿಲ್ಲವೆಂದು ನೋಡಿಕೊಳ್ಳಿ. ಬಾಗಿಲು ತೆರೆದಿಟ್ಟಾಗ ಚೆನ್ನಾಗಿ ನಡೆದು ಮುಚ್ಚಿದರೆ ನಿಲ್ಲುವ ಗಡಿಯಾರದ ಕಾಯಿಲೆ ಗಾಜೇ.

ಗಂಟೆಗೆ ಐದಾರು ನಿಮಿಷ ಮುಂಚೆ ನಿಲ್ಲುವುದು ಬೇರೆ ಕಥೆ. ಆ ಹೊತ್ತಿಗೆ ಸಮಯದ ಚಕ್ರಗಳು ಗಂಟೆಯ ಸನ್ನೆಯನ್ನು ಎತ್ತುವ ಹೆಚ್ಚಿನ ಕೆಲಸವನ್ನೂ ಮಾಡುತ್ತವೆ. ಬಲ ಮೊದಲೇ ಕಡಿಮೆಯಿದ್ದರೆ ಅಲ್ಲೇ ಸೋಲುತ್ತವೆ. ಸನ್ನೆಯ ಕೀಲಿನಲ್ಲಿ ಒಣಗಿದ ಜಿಡ್ಡು ಇದೆಯೇ ನೋಡಿ, ಅದು ತನ್ನ ಭಾರಕ್ಕೇ ತಟ್ಟನೆ ಬೀಳುವಂತಿರಬೇಕು.

12 ಕಳೆದು 1 ಆಗುವುದರೊಳಗೆ ನಿಂತರೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ: ಎಡಗಡೆಯ ಕೀ ಕೊಟ್ಟಿದ್ದೀರಾ? ಗಂಟೆಯ ಸದ್ದು ಬೇಡವೆಂದು ಆ ಕಡೆ ಕೀ ಕೊಡುವುದನ್ನೇ ಬಿಟ್ಟವರ ಗಡಿಯಾರ ಹೀಗೆ ನಿಲ್ಲುತ್ತದೆ. ಡಯಲ್ ಹಿಂದೆ ಬಸವನಹುಳುವಿನ ಚಿಪ್ಪಿನ ಆಕಾರದ ತಟ್ಟೆ ಇರುವ ಗಡಿಯಾರಗಳಲ್ಲಿ ಗಂಟೆ ಎಷ್ಟು ಬಾರಿಸಬೇಕೆಂದು ನಿರ್ಧರಿಸಲು ಗರಗಸದ ಹಲ್ಲಿನ ಒಂದು ತೋಳು ಆ ತಟ್ಟೆಯ ಮೇಲೆ ಬೀಳುತ್ತದೆ. ಬಾರಿಸಿದಂತೆ ಮೇಲೆದ್ದು ಹೋಗಬೇಕಾದ ತೋಳು, ಕೀ ಇಲ್ಲದೆ ಬಾರಿಸಲಾಗದೆ ಬಿದ್ದಲ್ಲೇ ಉಳಿಯುತ್ತದೆ. ತಟ್ಟೆಯಲ್ಲಿ 12ರ ಜಾಗ ಎಲ್ಲಕ್ಕಿಂತ ತಗ್ಗು, ಪಕ್ಕದಲ್ಲೇ 1ರ ಜಾಗ ಗೋಡೆಯಂತೆ ಎತ್ತರ. ತಟ್ಟೆ ತಿರುಗಿದಾಗ ಆ ಗೋಡೆ ತೋಳಿಗೆ ಗುದ್ದಿ ಎಲ್ಲವೂ ನಿಲ್ಲುತ್ತದೆ. ಎಡಕ್ಕೂ ಕೀ ಕೊಡಿ, ಸರಿಹೋಗುತ್ತದೆ. ಸದ್ದು ಬೇಡವಾದರೆ ಸುತ್ತಿಗೆಗೆ ಬಟ್ಟೆ ಸುತ್ತುವುದೋ ಅದನ್ನು ಸುರುಳಿಯಿಂದ ಸ್ವಲ್ಪ ದೂರ ಬಗ್ಗಿಸುವುದೋ ಮಾಡಿ.

ಗೊತ್ತುಗುರಿಯಿಲ್ಲದೆ ಎಲ್ಲೆಂದರಲ್ಲಿ ನಿಂತರೆ ಎಸ್ಕೇಪ್ ಚಕ್ರವನ್ನು ಅನುಮಾನಿಸಿ. ನಿಂತಾಗ ಪ್ಯಾಲೆಟ್ಟಿನಲ್ಲಿ ಸಿಕ್ಕಿರುವ ಹಲ್ಲಿಗೆ ಮಾರ್ಕರಿನಿಂದ ಚುಕ್ಕೆ ಇಡಿ. ಮುಂದಿನ ಮೂರು ಸಲವೂ ಅದೇ ಹಲ್ಲಾದರೆ ಅದು ಬಾಗಿದೆ. ನೆಟ್ಟಗೆ ಮಾಡುವುದು ಚಪ್ಪಟೆ ಇಕ್ಕಳದ ಕೆಲಸವೇ ಆದರೂ ಹಳೆಯ ಹಿತ್ತಾಳೆ ಒಂದು ಸಲ ಬಗ್ಗೀತು, ಎರಡನೆಯ ಸಲಕ್ಕೆ ಕೈಗೆ ಬರುತ್ತದೆ.

ಟಿಕ್ ಟಿಕ್ ಸರಿಯಿದೆ, ಮುಳ್ಳು ಮಾತ್ರ ಹಿಂದೆ ಬೀಳುತ್ತದೆ

ಯಂತ್ರ ನಿಲ್ಲದೆ ನಡೆಯುತ್ತಿದ್ದು ಮುಳ್ಳುಗಳು ಅಲ್ಲೇ ಇದ್ದರೆ ಅಥವಾ ಗಂಟೆಗೆ ಹತ್ತಾರು ನಿಮಿಷ ಹಿಂದಾದರೆ, ನಿಮಿಷದ ಮುಳ್ಳಿನ ಅಚ್ಚಿನ ಮೇಲಿರುವ ಬಿಗಿ ಸ್ಪ್ರಿಂಗ್ ಸಡಿಲವಾಗಿದೆ. ಬಿಲ್ಲಿನಂತೆ ಬಾಗಿದ ಸಣ್ಣ ಹಿತ್ತಾಳೆ ತುಂಡು ಅದು. ಬಿಚ್ಚಿ, ಇನ್ನಷ್ಟು ಬಾಗಿಸಿ, ಮತ್ತೆ ಕೂರಿಸಿ. ಮುಳ್ಳನ್ನು ಬೆರಳಿಂದ ತಿರುಗಿಸಿದಾಗ ಮೃದುವಾದ ತಡೆ ಸಿಗಬೇಕು.

ಎಂಟು ದಿನದ ಗಡಿಯಾರ ಮೂರು ದಿನಕ್ಕೇ ಸುಸ್ತಾಗುತ್ತದೆ

ಇಲ್ಲಿ ಬಲ ಸೋರುತ್ತಿರುವುದು ಒಳಗೆ. "ಕೀ ಜಾಸ್ತಿಯಾಯ್ತು" ಎಂಬ ಮಾತು ಹುಟ್ಟಿದ್ದೂ ಇಲ್ಲಿಂದಲೇ: ಒಣಗಿದ ಎಣ್ಣೆ ಸ್ಪ್ರಿಂಗಿನ ಸುತ್ತುಗಳನ್ನು ಗೋಂದಿನಂತೆ ಅಂಟಿಸಿರುತ್ತದೆ, ಕೀ ಪೂರ್ತಿ ಕೂತಿದ್ದರೂ ಸ್ಪ್ರಿಂಗ್ ಬಿಚ್ಚಿಕೊಳ್ಳುವುದಿಲ್ಲ.

ಯಂತ್ರವನ್ನು ಹಿಂದಿನಿಂದ ನೋಡಿ. ಚಕ್ರಗಳ ಅಚ್ಚು ತಗಡಿನ ತೂತುಗಳಲ್ಲಿ ಕೂತಿರುವ ಕಡೆಗಳಲ್ಲಿ ಏನು ಬಣ್ಣ ಕಾಣುತ್ತದೆ? ಹಸಿರಾದರೆ ಹಳೆಯ ಎಣ್ಣೆಯ ಆಮ್ಲ ಹಿತ್ತಾಳೆಗೆ ಕಿಲುಬು ಹಿಡಿಸಿದೆ. ಕಪ್ಪಾದರೆ ಅದು ಬರೀ ಕೊಳೆಯಲ್ಲ, ಸವೆದ ಲೋಹವೂ ಸೇರಿದ ಅರೆಯುವ ಹಿಟ್ಟು. ಮೆತ್ತಗಿನ ಹಿತ್ತಾಳೆಯೊಳಗೆ ಧೂಳಿನ ಕಣ ಹೂತು ಕೂರುತ್ತದೆ, ಗಟ್ಟಿ ಉಕ್ಕಿನ ಅಚ್ಚು ಅದರ ಮೇಲೆ ತಿರುಗಿ ತಾನೇ ಸವೆಯುತ್ತದೆ. ಇದರ ಮೇಲೆ ಹೊಸ ಎಣ್ಣೆ ಹಾಕಿದರೆ ಒಂದೆರಡು ತಿಂಗಳು ಗಡಿಯಾರ ಖುಷಿಯಿಂದ ನಡೆಯುತ್ತದೆ, ಆ ಅವಧಿಯಲ್ಲೇ ಸವೆತವೂ ಜೋರಾಗಿ ನಡೆಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆಯುವುದು ಇನ್ನೂ ಕೆಟ್ಟದ್ದು. ಕೊಳೆಯನ್ನು ಕರಗಿಸಿ ಎಲ್ಲ ತೂತುಗಳಿಗೂ ಹಂಚುತ್ತದೆ, ದ್ರಾವಕ ಆರಿದ ಮೇಲೆ ಅಂಟು ಉಳಿಯುತ್ತದೆ. ಅಡುಗೆ ಎಣ್ಣೆಯ ಮಾತೇ ಬೇಡ.

ಈಗ ಸವೆತ ಅಳೆಯಿರಿ. ಸಮಯದ ಕಡೆಯ ಕೀಯನ್ನು ಹಿಡಿದು ಅರ್ಧ ಹಲ್ಲಿನಷ್ಟು ಹಿಂದೆ ಮುಂದೆ ಆಡಿಸುತ್ತಾ ಒಂದೊಂದೇ ಅಚ್ಚಿನ ತುದಿಯನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ತೂತಿನೊಳಗೆ ಅಚ್ಚು ತಿರುಗಬೇಕೇ ಹೊರತು ಪಕ್ಕಕ್ಕೆ ಜಿಗಿಯಬಾರದು. ಜಿಗಿದರೆ ತೂತು ದುಂಡಗಿಲ್ಲ, ಮೊಟ್ಟೆಯಾಕಾರ ತಾಳಿದೆ; ಆ ಚಕ್ರದ ಹಲ್ಲು ಪಕ್ಕದ್ದರೊಳಗೆ ಸರಿಯಾದ ಆಳಕ್ಕೆ ಇಳಿಯುತ್ತಿಲ್ಲ. ಎಷ್ಟು ತೊಳೆದರೂ ಇದು ಹೋಗುವುದಿಲ್ಲ, ಬುಷ್ ಹಾಕಲೇಬೇಕು: ಸವೆದ ತೂತನ್ನು ಅದರ ಮೂಲ ಮಧ್ಯಬಿಂದುವಿಗೆ ಸರಿಯಾಗಿ ದೊಡ್ಡದು ಮಾಡಿ, ಹಿತ್ತಾಳೆಯ ಕೊಳವೆಯನ್ನು ಒತ್ತಿ ಕೂರಿಸಿ, ಅಚ್ಚಿಗೆ ತಕ್ಕಂತೆ ಒಳಗಿನಿಂದ ಕೊರೆಯುವ ಕೆಲಸ. ಮಿಲ್ಲಿಂಗ್ ಯಂತ್ರ ಅಥವಾ ಗಟ್ಟಿಯಾದ ಡ್ರಿಲ್ ಸ್ಟ್ಯಾಂಡ್ ಇದ್ದವರು ಮಾಡಬಹುದು. ಆದರೆ ಹುಷಾರಾಗಿರಬೇಕಾದ್ದು ಇಲ್ಲೇ: ಡ್ರಿಲ್ ಮೊನೆ ಸವೆದ ಕಡೆಗೇ ಎಳೆದುಕೊಂಡು ಹೋಗುತ್ತದೆ. ಮೊದಲು ಸಣ್ಣ ಅರದಿಂದ ಸವೆಯದ ಕಡೆಗೂ ಅಷ್ಟೇ ತೆಗೆದು ತೂತನ್ನು ಎರಡೂ ಕಡೆ ಸಮ ಮಾಡಿಕೊಳ್ಳಿ, ಆಮೇಲೆ ದೊಡ್ಡದು ಮಾಡಿ. ಬುಷ್ ಕೂತ ಮೇಲೆ ಚಕ್ರ ತಗಡುಗಳ ನಡುವೆ ಉದ್ದಕ್ಕೂ ಚೂರು ಆಡಬೇಕು, ತಗಡನ್ನು ಮೇಲೆ ಕೆಳಗೆ ಮಾಡಿದರೆ ಟಣ್ ಎಂದು ತನ್ನ ಭಾರಕ್ಕೇ ಜಾರಬೇಕು. ತೂತಿನ ಸುತ್ತ ಪಂಚಿನಿಂದ ಗುದ್ದಿ ಕಿರಿದು ಮಾಡಿದ ಗುರುತುಗಳು ಹಳೆಯ ಗಡಿಯಾರಗಳಲ್ಲಿ ಬೇಕಾದಷ್ಟು ಕಾಣಸಿಗುತ್ತವೆ. ಆ ಉಪಾಯವನ್ನು ಮುಂದುವರಿಸಬೇಡಿ.

ಸವೆತ ಇಲ್ಲದೆ ಬರೀ ಜಿಡ್ಡಾದರೆ ಪೂರ್ತಿ ಬಿಚ್ಚಿ ತೊಳೆಯುವುದೊಂದೇ ದಾರಿ. ಬಲ ಇಳಿಸಿ, ಪ್ರತಿ ಹಂತಕ್ಕೂ ಫೋಟೋ ತೆಗೆದು, ಸಮಯದ ಭಾಗಗಳನ್ನೂ ಗಂಟೆಯ ಭಾಗಗಳನ್ನೂ ಬೇರೆ ಬೇರೆ ಡಬ್ಬಿಯಲ್ಲಿಡಿ, ಚಕ್ರಗಳು ಅವಳಿ ಜವಳಿಯಂತಿರುತ್ತವೆ. ಜಿಡ್ಡು ಬಿಡಿಸಲು ಪೆಟ್ರೋಲ್ ಬಳಸಬೇಡಿ. ಟರ್ಪೆಂಟೈನ್ ಬದಲಿಗೆ ಮಾರುವ ಖನಿಜ ದ್ರಾವಕ ಸಾಕು, ಅದೂ ಬೆಂಕಿಯಿಂದ ದೂರ, ಗಾಳಿಯಾಡುವಲ್ಲಿ. ಅಮೋನಿಯಾ ಇರುವ ದ್ರಾವಣದಲ್ಲಿ ಹಿತ್ತಾಳೆ ಥಳಥಳಿಸುತ್ತದೆ ನಿಜ, ಆದರೆ ಬಹಳ ಹೊತ್ತು ನೆನೆಸಿದರೆ ಒತ್ತಡದಲ್ಲಿರುವ ಹಿತ್ತಾಳೆ ಬಿರುಕು ಬಿಡುತ್ತದೆ. ಹತ್ತು ನಿಮಿಷ ಮೀರಿಸಬೇಡಿ. ತೊಳೆದ ತಕ್ಷಣ ಬಿಸಿಗಾಳಿಯಲ್ಲಿ ಒಣಗಿಸಿ, ಇಲ್ಲದಿದ್ದರೆ ಉಕ್ಕು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಯುತ್ತದೆ.

ಬಹಳ ಜನ ಬಿಡುವ ಹಂತವೊಂದಿದೆ. ತೊಳೆದು ಹೊಳೆಯುವ ತಗಡಿನ ತೂತಿಗೆ ಹಲ್ಲುಕಡ್ಡಿಯ ಚೂಪು ತುದಿ ತೂರಿಸಿ, ಬೆರಳುಗಳ ನಡುವೆ ನಾಲ್ಕು ಸುತ್ತು ತಿರುಗಿಸಿ ಹೊರತೆಗೆಯಿರಿ. ಮೊದಲನೆಯದು ಕಾಡಿಗೆ ಬಳಿದಂತೆ ಬರುತ್ತದೆ. ತುದಿಯನ್ನು ಹೊಸದಾಗಿ ಕೆತ್ತಿ ಮತ್ತೆ ತೂರಿಸಿ. ಕಡ್ಡಿ ಮರದ ಬಣ್ಣದಲ್ಲೇ ಹೊರಬರುವವರೆಗೆ ಬಿಡಬೇಡಿ, ಪ್ರತಿ ತೂತಿಗೂ, ಎರಡೂ ಕಡೆಯಿಂದ. ಒಂದು ಗಡಿಯಾರಕ್ಕೆ ಮೂವತ್ತು ನಲವತ್ತು ಕಡ್ಡಿ ಖರ್ಚಾದರೆ ಕೆಲಸ ಸರಿಯಾಗಿ ಆಗಿದೆ.

ಎಣ್ಣೆ ಕಡಿಮೆ ಎಂದರೆ ಕಡಿಮೆ. ತೂತಿನ ಸುತ್ತ ಬಟ್ಟಲಿನಂಥ ತಗ್ಗು ಇರುತ್ತದೆ, ಅದರ ಅರ್ಧ ತುಂಬಿದರೆ ಸಾಕು. ಉಕ್ಕಿ ಹರಿದರೆ ಆ ಧಾರೆ ತೂತಿನಲ್ಲಿದ್ದ ಎಣ್ಣೆಯನ್ನೂ ಎಳೆದುಕೊಂಡು ತಗಡಿನ ಮೇಲೆ ಹೋಗುತ್ತದೆ, ಅಚ್ಚು ಒಣಗುತ್ತದೆ. ಪ್ಯಾಲೆಟ್ಟಿನ ಎರಡು ಮುಖಗಳಿಗೆ ತೆಳುವಾಗಿ ಸವರಿ. ಹಲ್ಲುಚಕ್ರಗಳ ಹಲ್ಲಿಗೆ ಎಣ್ಣೆ ಬೇಡ, ಅದು ಧೂಳು ಹಿಡಿಯುವ ಬಲೆಯಷ್ಟೇ.

ಪ್ಯಾಲೆಟ್ಟಿನ ಮುಖಗಳಲ್ಲಿ ಉಗುರಿಗೆ ಸಿಗುವಷ್ಟು ತೋಡು ಬಿದ್ದಿದ್ದರೆ ಅರ ಹಾಕಬೇಡಿ, ಅಳತೆ ಹೋಗುತ್ತದೆ. ಪ್ಯಾಲೆಟ್ ಅಗಲವಾಗಿದ್ದರೆ ಅಚ್ಚಿನ ಮೇಲೆ ಅದನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ, ಹಲ್ಲು ಸವೆಯದ ಜಾಗದಲ್ಲಿ ಬೀಳುವಂತೆ ಮಾಡುವುದು ಹಳಬರ ದಾರಿ. ಅದೂ ಆಗದಿದ್ದರೆ ಗಡಿಯಾರ ರಿಪೇರಿಯವರಿಗೆ ಬಿಡಿ.

ಕೀ ಕೊಡುವಾಗಲೇ ಏನೋ ಸರಿಯಿಲ್ಲ

ಕೀ ಕೈಯಲ್ಲಿ ಹಿಂದಕ್ಕೆ ಚಿಮ್ಮಿ ಬೆರಳಿಗೆ ಹೊಡೆದರೆ ಆಟ ಅಲ್ಲಿಗೇ ನಿಲ್ಲಿಸಿ. ಹಿಂದಕ್ಕೆ ಹೋಗದಂತೆ ತಡೆಯುವ ಕೊಕ್ಕೆ ಸವೆದಿದೆ, ಅದರ ರಿವೆಟ್ ಸಡಿಲವಾಗಿದೆ, ಇಲ್ಲವೇ ಅದನ್ನು ಒತ್ತುವ ಪುಟ್ಟ ತಂತಿ ಮುರಿದಿದೆ. "ಇನ್ನೊಂದೇ ಸಲ ನೋಡೋಣ" ಎನ್ನುವುದರಲ್ಲೇ ಕೈ ಮುರಿದುಕೊಂಡವರುಂಟು.

ಬಲ ಇಳಿಸುವ ವಿಧಾನ: ಕೀಯ ರೆಕ್ಕೆಗೆ ಹೊಂದುವಂತೆ ಸೀಳು ಹಾಕಿದ, ಮುಷ್ಟಿಯಲ್ಲಿ ಕೂರುವಷ್ಟು ದಪ್ಪದ ದುಂಡು ಮರದ ಹಿಡಿ ಬೇಕು. ಕಣ್ಣಿಗೆ ಕನ್ನಡಕ, ಕೈಗೆ ಚರ್ಮದ ಗವಸು. ಹಿಡಿಯನ್ನು ಕೀಗೆ ಕೂರಿಸಿ, ಕೀ ಕೊಡುವ ದಿಕ್ಕಿಗೆ ಚೂರು ತಿರುಗಿಸಿ ಕೊಕ್ಕೆಯ ಮೇಲಿನ ಭಾರ ತೆಗೆಯಿರಿ. ಇನ್ನೊಂದು ಕೈಯಲ್ಲಿ ತಿರುಪುಳಿಯಿಂದ ಕೊಕ್ಕೆಯನ್ನು ಎತ್ತಿ ಹಿಡಿದು, ಮುಷ್ಟಿಯೊಳಗೆ ಹಿಡಿ ಜಾರುವಂತೆ ನಿಧಾನವಾಗಿ ಬಿಡಿ. ಅವಸರವಾದರೆ ಕೊಕ್ಕೆ ಬಿಟ್ಟುಬಿಡಿ, ಅದು ತಾನೇ ಹಿಡಿದುಕೊಳ್ಳುತ್ತದೆ. ಕೊಕ್ಕೆಯೇ ಕೆಟ್ಟಿದ್ದರೆ ಈ ಕೆಲಸಕ್ಕೆ ಇಳಿಯಲೇಬೇಡಿ. ಡ್ರಮ್ಮಿನೊಳಗಲ್ಲದೆ ಬಯಲಾಗಿ ಸುತ್ತಿರುವ ಸ್ಪ್ರಿಂಗಾದರೆ ಮೊದಲು ಪೂರ್ತಿ ಕೀ ಕೊಟ್ಟು, ಸ್ಪ್ರಿಂಗಿನ ಸುತ್ತ ಉಕ್ಕಿನ ಕ್ಲಾಂಪ್ ತೊಡಿಸಿ, ಆಮೇಲೆ ಬಲ ಇಳಿಸಬೇಕು. ಇಲ್ಲವಾದರೆ ಅದು ಪೆಟ್ಟಿಗೆಯ ತುಂಬ ಹರಡಿಕೊಳ್ಳುತ್ತದೆ.

ಕೀ ತಡೆಯೇ ಇಲ್ಲದೆ ಸುತ್ತುತ್ತಲೇ ಇದ್ದರೆ ಸ್ಪ್ರಿಂಗ್ ಮುರಿದಿದೆ, ಅಥವಾ ಅದರ ಒಳತುದಿ ಅಚ್ಚಿನ ಕೊಕ್ಕೆಯಿಂದ ಕಳಚಿದೆ. ಮುರಿದದ್ದಾದರೆ ಹೊಸದು ಹಾಕುವ ಮೊದಲು ಎರಡನೆಯ ಚಕ್ರದ ಹಲ್ಲು ಮತ್ತು ಅಚ್ಚಿನ ತುದಿ ನೋಡಿ, ಮುರಿದ ಕ್ಷಣದ ಹೊಡೆತ ಹೆಚ್ಚಾಗಿ ಅಲ್ಲಿ ಬಿದ್ದಿರುತ್ತದೆ. ಹೊಸ ಸ್ಪ್ರಿಂಗಿಗೆ ಅಗಲ, ದಪ್ಪ, ಉದ್ದ, ಹೊರತುದಿಯ ಕೊಂಡಿಯ ರೀತಿ ಎಲ್ಲ ಒಂದೇ ಆಗಿರಬೇಕು. "ಸ್ವಲ್ಪ ದಪ್ಪ ಇರಲಿ, ಚೆನ್ನಾಗಿ ನಡೆಯುತ್ತದೆ" ಎನ್ನುವುದು ಮೋಸ. ಬಲ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, 0.40 ಮಿ.ಮೀ. ಬದಲು 0.45 ಹಾಕಿದರೆ ಬಲ ಶೇಕಡಾ 42 ಹೆಚ್ಚು. ಸವೆತವೂ ಅಷ್ಟೇ ಬೇಗ ಬರುತ್ತದೆ.

ಮುಳ್ಳು ತೋರಿಸುವುದೊಂದು, ಗಂಟೆ ಬಾರಿಸುವುದೊಂದು

ಇದು ಸಾಮಾನ್ಯವಾಗಿ ದೋಷವಲ್ಲ, ಲೆಕ್ಕ ತಪ್ಪಿರುವುದು. ಯಂತ್ರದ ಹಿಂಬದಿಯಲ್ಲೋ ಬದಿಯಲ್ಲೋ, ಅಂತರ ಹೆಚ್ಚುತ್ತಾ ಹೋಗುವ ಕಚ್ಚುಗಳಿರುವ ತಟ್ಟೆಯಿದ್ದರೆ ಅದಕ್ಕೆ ಮುಳ್ಳು ಎಲ್ಲಿದೆಯೆಂದು ಗೊತ್ತೇ ಇರುವುದಿಲ್ಲ, ಹಿಂದಿನದಾದ ಮೇಲೆ ಮುಂದಿನದನ್ನು ಬಾರಿಸುತ್ತದೆ ಅಷ್ಟೆ. ಬಾರಿಸಿ ಮುಗಿದ ಮೇಲೆ ನಿಮಿಷದ ಮುಳ್ಳನ್ನು 12ರಿಂದ ಹತ್ತು ನಿಮಿಷದಷ್ಟು ಹಿಂದಕ್ಕೆ ತಂದು ಮತ್ತೆ 12ಕ್ಕೆ ಒಯ್ಯಿರಿ. ಮುಂದಿನ ಲೆಕ್ಕ ಬಾರಿಸುತ್ತದೆ. ಸರಿಹೊಂದುವವರೆಗೆ ಹೀಗೇ ಮಾಡಿ. ಹಿಂದಕ್ಕೆ ತರುವಾಗ ತಡೆ ಸಿಕ್ಕರೆ ಒತ್ತಾಯ ಬೇಡ.

ಬಸವನಹುಳು ತಟ್ಟೆಯ ಗಡಿಯಾರದಲ್ಲಿ ಲೆಕ್ಕ ಗಂಟೆ ಮುಳ್ಳಿನ ಜೊತೆಗೇ ತಿರುಗುವುದರಿಂದ ತಪ್ಪುವುದು ಅಪರೂಪ. ತಪ್ಪಿದ್ದರೆ ಮುಳ್ಳು ಜಾರಿದೆ: ಎಷ್ಟು ಬಾರಿಸಿತೋ ಆ ಅಂಕಿಗೆ ಗಂಟೆ ಮುಳ್ಳನ್ನು ಮೆಲ್ಲಗೆ ತಿರುಗಿಸಿ, ಆಮೇಲೆ ನಿಮಿಷದ ಮುಳ್ಳನ್ನು ಮುಂದಕ್ಕೆ ತಿರುಗಿಸುತ್ತಾ, ಪ್ರತಿ ಗಂಟೆಯನ್ನೂ ಪೂರ್ತಿ ಬಾರಿಸಲು ಬಿಟ್ಟು, ಸಮಯಕ್ಕೆ ತನ್ನಿ.

ನಡೆಯುತ್ತದೆ, ಆದರೆ ಮುಂದೆ ಅಥವಾ ಹಿಂದೆ ಹೋಗುತ್ತದೆ

ಲೋಲಕದ ಕೆಳಗಿನ ನಟ್ಟನ್ನು ಮೇಲೇರಿಸಿದರೆ ವೇಗ, ಇಳಿಸಿದರೆ ನಿಧಾನ. ಎಷ್ಟು ಎಂಬುದಕ್ಕೆ ಲೆಕ್ಕವಿದೆ: ದಿನದ ವ್ಯತ್ಯಾಸ ಸೆಕೆಂಡುಗಳಲ್ಲಿ ಸುಮಾರು 43,200 ಗುಣಿಸು ಉದ್ದದ ಬದಲಾವಣೆ, ಭಾಗಿಸು ಲೋಲಕದ ಉದ್ದ. ಉದ್ದವೆಂದರೆ ಮೇಲಿನ ತೆಳುಪಟ್ಟಿ ಬಾಗುವ ಜಾಗದಿಂದ ಬಟ್ಟಲಿನ ನಡುವಿನವರೆಗೆ ಹೆಚ್ಚುಕಡಿಮೆ. ನಿಮಿಷಕ್ಕೆ 60 ಟಿಕ್ಕಿನ 994 ಮಿ.ಮೀ. ಲೋಲಕದಲ್ಲಿ 1 ಮಿ.ಮೀ.ಗೆ ದಿನಕ್ಕೆ 43 ಸೆಕೆಂಡು. 120 ಟಿಕ್ಕಿನ 248 ಮಿ.ಮೀ. ಲೋಲಕದಲ್ಲಿ ಅದೇ 1 ಮಿ.ಮೀ.ಗೆ 174 ಸೆಕೆಂಡು. ಸಣ್ಣ ಲೋಲಕದ ನಟ್ಟು ಎಷ್ಟು ತಿರುಗಿಸಿದರೂ ಜಾಸ್ತಿಯೇ ಆಗುವುದು ಇದಕ್ಕೇ. ಕಾಲು ಸುತ್ತು ತಿರುಗಿಸಿ ಪೂರ್ತಿ 24 ಗಂಟೆ ಕಾಯಿರಿ. ಅಂತಿಮ ಹೊಂದಾಣಿಕೆಗೆ ಕೀ ಕೊಟ್ಟ ದಿನದಿಂದ ಮುಂದಿನ ಕೀವರೆಗಿನ ವಾರದ ಒಟ್ಟು ವ್ಯತ್ಯಾಸ ನೋಡಿ, ಏಕೆಂದರೆ ಸ್ಪ್ರಿಂಗಿನ ಬಲ ದಿನ ಕಳೆದಂತೆ ಇಳಿಯುತ್ತದೆ. ಕಬ್ಬಿಣದ ಕಡ್ಡಿಯ ಲೋಲಕ 10 ಡಿಗ್ರಿ ಸೆಲ್ಸಿಯಸ್ ಸೆಖೆಗೆ ದಿನಕ್ಕೆ 5 ಸೆಕೆಂಡು ನಿಧಾನವಾಗುತ್ತದೆ. ಅದರ ಬೆನ್ನು ಹತ್ತಿ ಫಲವಿಲ್ಲ.

ನಟ್ಟು ಕೊನೆ ಮುಟ್ಟಿಯೂ ದಿನಕ್ಕೆ ಅರ್ಧ ಗಂಟೆ, ಒಂದು ಗಂಟೆ ವ್ಯತ್ಯಾಸ ಉಳಿದರೆ ಆ ಲೋಲಕ ಆ ಗಡಿಯಾರದ್ದಲ್ಲ. ಹಳೆಯ ಗಡಿಯಾರಗಳಲ್ಲಿ ಮೊದಲು ಕಳೆದುಹೋಗುವುದೇ ಅದು. ಸರಿಯಾದ ಉದ್ದವನ್ನು ಹಲ್ಲುಗಳೇ ಹೇಳುತ್ತವೆ. ಗಂಟೆಗೊಂದು ಸುತ್ತು ಬರುವ ನಿಮಿಷದ ಮುಳ್ಳಿನ ಅಚ್ಚಿನ ಚಕ್ರದಿಂದ ಎಸ್ಕೇಪ್ ಚಕ್ರದವರೆಗೆ ದೊಡ್ಡ ಚಕ್ರಗಳ ಹಲ್ಲುಗಳನ್ನು ಗುಣಿಸಿ, 2ರಿಂದ ಗುಣಿಸಿ, ನಡುವಿನ ಸಣ್ಣ ಚಕ್ರಗಳ ಹಲ್ಲುಗಳಿಂದ ಭಾಗಿಸಿ. 80, 72, 40 ಹಲ್ಲಿನ ಚಕ್ರಗಳು, 8 ಹಲ್ಲಿನ ಎರಡು ಸಣ್ಣ ಚಕ್ರಗಳು ಇದ್ದರೆ ಗಂಟೆಗೆ 7200, ನಿಮಿಷಕ್ಕೆ 120 ಟಿಕ್. 60ನ್ನು ಆ ಸಂಖ್ಯೆಯಿಂದ ಭಾಗಿಸಿ, ವರ್ಗ ಮಾಡಿ, 994ರಿಂದ ಗುಣಿಸಿದರೆ ಉದ್ದ ಮಿಲಿಮೀಟರಿನಲ್ಲಿ ಸಿಗುತ್ತದೆ: ಇಲ್ಲಿ 248. ನಿಮಿಷಕ್ಕೆ 140 ಬಂದಿದ್ದರೆ 183.

ಲೋಲಕ ಸರಿಯಾದದ್ದೇ ಆಗಿದ್ದು ಇದ್ದಕ್ಕಿದ್ದಂತೆ ಗಂಟೆಗಟ್ಟಲೆ ಮುಂದೆ ಓಡಿದರೆ ನಟ್ಟು ಮುಟ್ಟಬೇಡಿ. ಎಸ್ಕೇಪ್ ಚಕ್ರವನ್ನು ಒಂದು ಪೂರ್ತಿ ಸುತ್ತು ಕಣ್ಣಿಟ್ಟು ನೋಡಿ: ಎಲ್ಲೋ ಒಂದು ಕಡೆ ಎರಡು ಮೂರು ಹಲ್ಲು ಪ್ಯಾಲೆಟ್ಟಿಗೆ ಸಿಗದೆ ಸರ್ರನೆ ಜಾರುತ್ತಿರುತ್ತವೆ. ಪ್ಯಾಲೆಟ್ಟಿನ ಅಚ್ಚನ್ನು ಹಿಡಿದಿರುವ ತೂತು ಸವೆದಿದೆ, ಅಥವಾ ಆ ತೂತಿರುವ ಪಟ್ಟಿಯ ತಿರುಪು ಸಡಿಲವಾಗಿ ಪ್ಯಾಲೆಟ್ ಚಕ್ರದಿಂದ ದೂರ ಸರಿದಿದೆ. ತಿರುಪಾದರೆ, ಬಲ ಇಳಿಸಿದ ಮೇಲೆ, ಎರಡೂ ಕಡೆಯ ಹಲ್ಲುಗಳು ಪ್ಯಾಲೆಟ್ಟಿನ ಮೇಲೆ ಖಚಿತವಾಗಿ ಬೀಳುವಷ್ಟು ಹತ್ತಿರ ತಂದು ಬಿಗಿಮಾಡಿ.